ಹಾರ್ವೆ ಹಾಕಿದ ಗುಣಾಕಾರ

ಐದನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾಳೆ. ‘ತಾತ, ಹೋದ ತಿಂಗಳು ನನಗೆ ಜ್ವರ ಬಂದು ತಲೆ ಸಿಡಿಯುತ್ತಿತ್ತು. ಡಾಕ್ಟರು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ನೋವಿದ್ದದ್ದು ತಲೆಯಲ್ಲಿ, ಚುಚ್ಚಿದ್ದು ಸೊಂಟಕ್ಕೆ. ಔಷಧಕ್ಕೆ ತಲೆಯ ದಾರಿ ಯಾರು ಹೇಳಿಕೊಟ್ಟರು?’

ಭಲೇ ಪುಟ್ಟಿ! ಸೂಜಿ ಕಂಡು ಅಳುವ ಹೊತ್ತಿನಲ್ಲಿ ಇಂಥ ಪ್ರಶ್ನೆ ಹುಟ್ಟಿತಲ್ಲ, ಅದಕ್ಕೇ ಅರ್ಧ ಜ್ವರ ಇಳಿದಿರಬೇಕು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿ. ವೈದ್ಯಶಾಸ್ತ್ರ ನನ್ನ ಖಾತೆಯಲ್ಲ. ಆದರೆ ನಿನ್ನ ಪ್ರಶ್ನೆಗೆ ಉತ್ತರ ಅಡಗಿರುವುದು ಒಂದು ಗುಣಾಕಾರದಲ್ಲಿ. ಗುಣಾಕಾರದ ಬಗ್ಗೆ ಮಾತಾಡುವ ಹಕ್ಕು ನನಗೂ ಸ್ವಲ್ಪ ಇದೆ. ಆ ಗುಣಾಕಾರ ಮಾಡಿದವನು ವಿಲಿಯಂ ಹಾರ್ವೆ ಎಂಬ ಇಂಗ್ಲೆಂಡಿನ ವೈದ್ಯ. ಅದು ಅಚ್ಚಾದದ್ದು 1628ರಲ್ಲಿ.

ಅದಕ್ಕೂ ಮುಂಚೆ ಯುರೋಪಿನ ವೈದ್ಯರು ಏನು ನಂಬಿದ್ದರು ಎಂದು ತಿಳಿದರೆ ಹಾರ್ವೆ ಮಾಡಿದ್ದು ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ. ಎರಡನೇ ಶತಮಾನದಲ್ಲಿ ರೋಮ್ ನಗರದಲ್ಲಿ ಗ್ಯಾಲೆನ್ ಎಂಬ ಮಹಾವೈದ್ಯನಿದ್ದ. ಚಕ್ರವರ್ತಿಗಳಿಗೇ ಔಷಧ ಕೊಟ್ಟವನು. ಮನುಷ್ಯರ ಹೆಣವನ್ನು ಕೊಯ್ದು ನೋಡಲು ಆಗ ಅಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ಕೋತಿ, ಹಂದಿ ಮುಂತಾದ ಪ್ರಾಣಿಗಳನ್ನು ನೋಡಿ ಮನುಷ್ಯನ ದೇಹದ ಬಗ್ಗೆ ಬರೆದ. ನಾವು ಉಂಡ ಅನ್ನ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ; ಆ ರಕ್ತ ಕೈಕಾಲುಗಳಿಗೆ ಹರಿದು ಅಲ್ಲಲ್ಲೇ ಖರ್ಚಾಗಿಹೋಗುತ್ತದೆ; ಮರುದಿನ ಉಂಡರೆ ಮತ್ತೆ ಹೊಸ ರಕ್ತ. ಹೊಲಕ್ಕೆ ನೀರು ಬಿಟ್ಟಂತೆ. ಕಾಲುವೆಯಲ್ಲಿ ಬಂದ ನೀರು ಮಣ್ಣಿನಲ್ಲಿ ಇಂಗುತ್ತದೆಯೇ ಹೊರತು ಹಿಂತಿರುಗಿ ಕೆರೆಗೆ ಹೋಗುವುದಿಲ್ಲವಲ್ಲ. ಇನ್ನು ಹೃದಯದ ಬಲಭಾಗದಿಂದ ಎಡಭಾಗಕ್ಕೆ ಒಂದಿಷ್ಟು ರಕ್ತ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಜಿನುಗುತ್ತದೆ ಎಂದೂ ಹೇಳಿದ.

ಈ ಮಾತು 1,400 ವರ್ಷ ನಡೆಯಿತು! ಗ್ಯಾಲೆನ್ ದಡ್ಡನಲ್ಲ, ಅವನಷ್ಟು ಶ್ರಮಪಟ್ಟವರು ಆ ಕಾಲದಲ್ಲಿ ಕಡಿಮೆ. ತಪ್ಪು ನಡೆದದ್ದು ಆಮೇಲೆ. ದೊಡ್ಡವರು ಬರೆದಿಟ್ಟ ಲೆಡ್ಜರನ್ನು ಯಾರೂ ತಾಳೆ ನೋಡಲಿಲ್ಲ. ನೋಡಿದ ಒಬ್ಬಿಬ್ಬರ ಮಾತು ದೂರ ಹೋಗಲಿಲ್ಲ. ಡಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್ ನಫೀಸ್ ಎಂಬಾತ 13ನೇ ಶತಮಾನದಲ್ಲೇ, ‘ಆ ನಡುಗೋಡೆ ಗಟ್ಟಿಯಾಗಿದೆ, ಅದರಲ್ಲಿ ರಂಧ್ರವಿಲ್ಲ, ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಎಡಭಾಗಕ್ಕೆ ಬರುತ್ತದೆ’ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದ. ಅವನ ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಮತ್ತೆ ಬೆಳಕಿಗೆ ಬಂದದ್ದು 1924ರಲ್ಲಿ! ಎಂಥೆಂಥ ರಸೀದಿಗಳು ಯಾವ ಯಾವ ಬೀರುವಿನಲ್ಲಿ ಬಿದ್ದಿರುತ್ತವೋ.

ಈಗ ಹಾರ್ವೆಗೆ ಬರೋಣ. ಹುಟ್ಟಿದ್ದು 1578ರಲ್ಲಿ, ಇಂಗ್ಲೆಂಡಿನ ಸಮುದ್ರ ತೀರದ ಫೋಕ್‌ಸ್ಟನ್ ಎಂಬ ಊರಿನಲ್ಲಿ. ತಮ್ಮಂದಿರಲ್ಲಿ ಹಲವರು ಲಂಡನ್ನಿನಲ್ಲಿ ವ್ಯಾಪಾರಸ್ಥರಾದರು. ಅವರಲ್ಲಿ ಎಲಿಯಾಬ್ ಎಂಬುವನು ಅಣ್ಣನ ದುಡ್ಡಿನ ವ್ಯವಹಾರವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದನಂತೆ. ಲಂಡನ್ನಿನಲ್ಲಿ ಕಾಫಿ ಹೌಸುಗಳ ಭರಾಟೆ ಶುರುವಾಗುವ ಮೊದಲೇ ಈ ಇಬ್ಬರಿಗೂ ಕಾಫಿ ಕುಡಿಯುವ ಅಭ್ಯಾಸವಿತ್ತು ಎಂದು ಹಾರ್ವೆಯನ್ನು ಕಂಡಿದ್ದ ಜಾನ್ ಆಬ್ರಿ ಎಂಬ ಲೇಖಕ ಬರೆದಿದ್ದಾನೆ. ಕಾಫಿ ಕುಡಿಯುವ ಅಜ್ಜಂದಿರಿಗೆ ಈ ಸಮಾಚಾರ ಖುಷಿ ಕೊಡಬಹುದು ಎಂದು ಹೇಳಿದೆ, ಅಷ್ಟೆ.

ವೈದ್ಯಶಾಸ್ತ್ರ ಓದಲು ಹಾರ್ವೆ ಇಟಲಿಯ ಪಡುವಾ ವಿಶ್ವವಿದ್ಯಾಲಯಕ್ಕೆ ಹೋದ. 1602ರಲ್ಲಿ ಪದವಿ ಪಡೆದ. ಆಗ ಅಲ್ಲಿ ಗಣಿತ ಹೇಳಿಕೊಡುತ್ತಿದ್ದವನು ಗೆಲಿಲಿಯೊ. ಹಾರ್ವೆಯ ಗುರು ಫ್ಯಾಬ್ರಿಷಿಯಸ್. ಈ ಗುರು ಒಂದು ವಿಚಿತ್ರ ಕಂಡಿದ್ದ. ಕೈಕಾಲಿನ ಅಭಿಧಮನಿಗಳೊಳಗೆ, ಅಂದರೆ ಚರ್ಮದ ಕೆಳಗೆ ನೀಲಿಯಾಗಿ ಕಾಣುತ್ತವಲ್ಲ ಆ ನರಗಳೊಳಗೆ, ಅಲ್ಲಲ್ಲಿ ತೆಳುವಾದ ಪುಟ್ಟ ಬಾಗಿಲುಗಳಿವೆ. (ಮನೆಮಾತಿನಲ್ಲಿ ನಾವು ಇವುಗಳನ್ನೂ ನರ ಎನ್ನುತ್ತೇವೆ. ವೈದ್ಯರ ಲೆಕ್ಕದಲ್ಲಿ ನರವೇ ಬೇರೆ, ರಕ್ತನಾಳವೇ ಬೇರೆ.) ಕೆಳಗೆ ಹರಿಯುವ ರಕ್ತವೆಲ್ಲ ಒಮ್ಮೆಲೇ ಪಾದಕ್ಕೆ ಇಳಿದುಬಿಡದಂತೆ ಈ ಬಾಗಿಲುಗಳು ತಡೆಯುತ್ತವೆ ಎಂದು ಗುರು ತಿಳಿದ. ಗ್ಯಾಲೆನ್ ಹೇಳಿದ್ದಾನಲ್ಲ, ರಕ್ತ ಹರಿಯುವುದು ಒಳಗಿನಿಂದ ಹೊರಕ್ಕೆ ಅಂತ. ಶಿಷ್ಯನ ಕಣ್ಣಿಗೆ ಮಾತ್ರ ಬೇರೆಯೇ ಕಂಡಿತು. ಈ ಬಾಗಿಲುಗಳೆಲ್ಲ ತೆರೆಯುವುದು ಹೃದಯದ ಕಡೆಗೆ! ಸಿನಿಮಾ ಥಿಯೇಟರಿನಲ್ಲಿ ‘ಹೊರಹೋಗುವ ದಾರಿ’ ಎಂದು ಬರೆದ ಬಾಗಿಲಿನಿಂದ ಯಾರಾದರೂ ಒಳಗೆ ಹೋಗುತ್ತಾರೆಯೇ? ತನಗೆ ಮೊದಲು ಸುಳಿವು ಕೊಟ್ಟದ್ದೇ ಈ ಬಾಗಿಲುಗಳು ಎಂದು ಹಾರ್ವೆ ಮುದುಕನಾದ ಮೇಲೆ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಗೆ ಹೇಳಿದ್ದ.

ಲಂಡನ್ನಿಗೆ ಮರಳಿದ ಮೇಲೆ ಹಾರ್ವೆ ಆಸ್ಪತ್ರೆಯ ಕೆಲಸದ ಜೊತೆಗೆ ವರ್ಷಗಟ್ಟಲೆ ಪ್ರಾಣಿಗಳ ಹೃದಯವನ್ನು ನೋಡುತ್ತಾ ಕುಳಿತ. ನಾಯಿಯ ಹೃದಯ ಬಡಿಯುವ ವೇಗದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ತಿಳಿಯುವುದಿಲ್ಲ. ಅದಕ್ಕೇ ಕಪ್ಪೆ, ಹಾವು, ಮೀನುಗಳ ಕಡೆ ತಿರುಗಿದ. ಅವುಗಳ ಹೃದಯ ನಿಧಾನ. ಹೃದಯ ಮುಷ್ಟಿ ಕಟ್ಟಿದಂತೆ ಬಿಗಿಯಾದಾಗ ರಕ್ತ ಹೊರಗೆ ಚಿಮ್ಮುತ್ತದೆ, ಅದೇ ಕ್ಷಣ ನಾಡಿ ಎದ್ದು ಬೀಳುತ್ತದೆ ಎಂದು ಗುರುತಿಸಿದ. ಹೃದಯವೆಂದರೆ ಪಂಪು.

ಪಂಪು ಎಂದ ಮೇಲೆ ಎಷ್ಟು ಪಂಪು ಮಾಡುತ್ತದೆ ಎಂದು ಕೇಳಬೇಕಲ್ಲ? ಅಲ್ಲಿಗೆ ಬಂತು ನಮ್ಮ ಗುಣಾಕಾರ.

ಹಾರ್ವೆ ಹೇಳಿದ್ದು ಹೀಗೆ. ಒಂದು ಬಡಿತಕ್ಕೆ ಹೃದಯ ಅರ್ಧ ಔನ್ಸ್ ರಕ್ತ ಹೊರಹಾಕುತ್ತದೆ ಎಂದುಕೊಳ್ಳೋಣ. ಇವತ್ತಿನ ತೂಕದಲ್ಲಿ ಸುಮಾರು 15 ಗ್ರಾಂ, ಮೂರು ಚಮಚೆಯಷ್ಟು. ಅರ್ಧ ಗಂಟೆಯಲ್ಲಿ ಹೃದಯ ಸಾವಿರ ಸಲವಾದರೂ ಬಡಿಯುತ್ತದೆ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಸಾವಿರ ಇಂಟು 15. ಹದಿನೈದು ಸಾವಿರ ಗ್ರಾಂ, ಅಂದರೆ 15 ಕೆ.ಜಿ. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ 5 ಲೀಟರ್. ಅರ್ಧ ಗಂಟೆಯಲ್ಲಿ ಅದರ ಮೂರು ಪಟ್ಟು ಹೊರಹೋಯಿತು! ಹೋಗಿದ್ದೆಲ್ಲ ಅಲ್ಲಲ್ಲೇ ಇಂಗುತ್ತದೆ ಎನ್ನುವುದಾದರೆ ಇಷ್ಟು ರಕ್ತ ಬಂದದ್ದೆಲ್ಲಿಂದ?

ಯಾರಾದರೂ ‘ಅರ್ಧ ಔನ್ಸ್ ಜಾಸ್ತಿಯಾಯಿತು’ ಎಂದು ತಕರಾರು ತೆಗೆದಾರು ಎಂದು ಹಾರ್ವೆ ಲೆಕ್ಕವನ್ನು ಇನ್ನೂ ಇಳಿಸಿದ. ಬಡಿತಕ್ಕೆ ಒಂದು ಡ್ರಾಮ್ ಎನ್ನಿ ಎಂದ. ಅದು ನಾಲ್ಕು ಗ್ರಾಮಿಗೂ ಚೂರು ಕಡಿಮೆ. ನಾಲ್ಕೇ ಎಂದುಕೊಳ್ಳಿ. ಅರ್ಧ ಗಂಟೆಗೆ 4 ಕೆ.ಜಿ., ದಿನಕ್ಕೆ ಅಂಥ 48 ಅರ್ಧ ಗಂಟೆಗಳು. 192 ಕೆ.ಜಿ. ಆಯಿತು. ಅನ್ನದಿಂದಲೇ ದಿನದಿನವೂ ಹೊಸ ರಕ್ತ ಹುಟ್ಟಬೇಕಾದರೆ ಮನುಷ್ಯ ದಿನಕ್ಕೆ ಸುಮಾರು ಎರಡು ಕ್ವಿಂಟಲ್ ಉಣ್ಣಬೇಕು. ಬಕಾಸುರನ ಬಂಡಿಯೇ ಬೇಕಾದೀತು! ಕುರಿಯ ಲೆಕ್ಕವನ್ನೂ ಹಾರ್ವೆ ಹಾಗೇ ಹಾಕಿದ. ಕುರಿಯ ಮೈಯಲ್ಲಿರುವ ರಕ್ತ ನಾಲ್ಕು ಪೌಂಡಿಗಿಂತ ಹೆಚ್ಚಿಲ್ಲ ಎಂದು ಖುದ್ದಾಗಿ ನೋಡಿಕೊಂಡೇ ಬರೆದ.

ನನಗೆ ಹಾರ್ವೆ ಮೆಚ್ಚುಗೆಯಾಗುವುದು ಇಲ್ಲಿಯೇ. ತನ್ನ ವಾದಕ್ಕೆ ಅನುಕೂಲವಾಗಲಿ ಎಂದು ಅಂಕಿ ಏರಿಸಲಿಲ್ಲ, ತನಗೆ ಪ್ರತಿಕೂಲವಾಗುವಂತೆ ಇಳಿಸಿದ. ಇಳಿಸಿದರೂ ಹಳೆಯ ಪುಸ್ತಕ ತಾಳೆಯಾಗಲಿಲ್ಲ. ಸಾಲ ಕೊಡುವ ಮ್ಯಾನೇಜರು ಹೀಗಿದ್ದರೆ ಯಾವ ಬ್ಯಾಂಕೂ ಮುಳುಗುವುದಿಲ್ಲ.

ಹಾಗಾದರೆ ಉಳಿದ ದಾರಿ ಒಂದೇ. ಹೋದ ರಕ್ತವೇ ತಿರುಗಿ ಬರುತ್ತಿದೆ. ಇದು ಕ್ಯಾಶ್ ಕೌಂಟರಿನಲ್ಲಿ ಕುಳಿತವರಿಗೆ ಬೇಗ ಹೊಳೆಯುತ್ತದೆ. ಸಂತೆಯ ದಿನ ಬೆಳಿಗ್ಗೆ ನನ್ನ ಡ್ರಾಯರಿನಲ್ಲಿ ಒಂದು ಲಕ್ಷ ರೂಪಾಯಿ ಇರುತ್ತಿತ್ತು ಎನ್ನಿ. ಸಂಜೆಯೊಳಗೆ ನಾಲ್ಕು ಲಕ್ಷ ಪಾವತಿ ಮಾಡಿರುತ್ತಿದ್ದೆ. ಮಾಯವೇನೂ ಇಲ್ಲ. ರೈತರು ತೆಗೆದುಕೊಂಡು ಹೋದ ನೋಟು ಬಟ್ಟೆ ಅಂಗಡಿಗೆ, ಗೊಬ್ಬರದ ಅಂಗಡಿಗೆ ಹೋಗಿ, ಆ ಅಂಗಡಿಯವರು ಮಧ್ಯಾಹ್ನ ಅದೇ ನೋಟನ್ನು ಜಮಾ ಮಾಡಲು ನನ್ನ ಹತ್ತಿರವೇ ತರುತ್ತಿದ್ದರು. ಮೂಲೆ ಹರಿದ ನೂರರ ನೋಟೊಂದು ಒಂದೇ ದಿನದಲ್ಲಿ ಮೂರು ಸಲ ನನ್ನ ಕೈಗೆ ಬಂದದ್ದೂ ಉಂಟು. ನೋಟಿಗಾದರೆ ಚಲಾವಣೆ ಎನ್ನುತ್ತೇವೆ, ರಕ್ತಕ್ಕೆ ಪರಿಚಲನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಸರ್ಕ್ಯುಲೇಷನ್.

ಇವತ್ತಿನ ಅಂಕಿಗಳನ್ನೂ ಹಾಕಿಬಿಡೋಣ. ಸುಮ್ಮನೆ ಕುಳಿತ ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿ ಲೀಟರ್ ರಕ್ತ ತಳ್ಳುತ್ತದೆ, ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ನಿಮಿಷಕ್ಕೆ 4,900 ಮಿಲಿ ಲೀಟರ್ ಆಯಿತು. ಇರುವ ರಕ್ತವೆಲ್ಲ ಒಂದು ನಿಮಿಷದಲ್ಲಿ ಒಂದು ಸುತ್ತು ಮುಗಿಸಿದಂತೆ! ಒಂದು ದಿನಕ್ಕೆ ಬಡಿತ 1,00,800. ಹರಿದ ರಕ್ತ 7,056 ಲೀಟರ್. ಮನೆಯ ಮಹಡಿಯ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇರುತ್ತದಲ್ಲ, ಅಂಥ ಏಳು ಟ್ಯಾಂಕ್. ಅದನ್ನು ತುಂಬಿಸುವ ಪಂಪು ನಿಮ್ಮ ಮುಷ್ಟಿಯಷ್ಟು ದೊಡ್ಡದು. ಕರೆಂಟು ಹೋದಾಗಲೂ ನಡೆಯುತ್ತದೆ.

ಈಗ ಒಂದು ಪ್ರಯೋಗ. ಹಾರ್ವೆ ತನ್ನ ಪುಸ್ತಕದಲ್ಲಿ ಚಿತ್ರ ಸಮೇತ ಕೊಟ್ಟದ್ದು. ಇದಕ್ಕೆ ಬೇಕಾದ ಸಾಮಗ್ರಿ ಒಬ್ಬ ಅಜ್ಜ ಅಥವಾ ಅಜ್ಜಿ. ಮಕ್ಕಳ ಕೈ ಪುಷ್ಟಿಯಾಗಿರುವುದರಿಂದ ನಾಳಗಳು ಕಾಣುವುದಿಲ್ಲ. ನಮ್ಮಂಥವರ ಚರ್ಮ ತೆಳುವಾಗಿ, ಮುಂಗೈ ಮೇಲೆ ನದಿಗಳ ನಕಾಶೆಯೇ ಇರುತ್ತದೆ. ಮುಪ್ಪು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಅಜ್ಜನಿಗೆ ತೋಳನ್ನು ಒಂದು ನಿಮಿಷ ಕೆಳಗೆ ಇಳಿಬಿಡಲು ಹೇಳಿ. ನಾಳಗಳು ಉಬ್ಬುತ್ತವೆ. ಅವುಗಳಲ್ಲಿ ನೇರವಾಗಿ, ಉದ್ದವಾಗಿ ಇರುವ ಒಂದನ್ನು ಆರಿಸಿಕೊಳ್ಳಿ. ಮಣಿಕಟ್ಟಿನ ಕಡೆಯ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳನ್ನು ಅದರ ಪಕ್ಕದಿಂದ ಶುರುಮಾಡಿ ಮೊಣಕೈ ಕಡೆಗೆ ನಾಳದ ಮೇಲೆ ಸವರಿಕೊಂಡು ಹೋಗಿ. ನಾಳ ಖಾಲಿಯಾಗಿ ಚಪ್ಪಟೆಯಾಗುತ್ತದೆ. ಈಗ ಮೇಲಿನ ಬೆರಳನ್ನು ತೆಗೆಯಿರಿ, ಕೆಳಗಿನದು ಹಾಗೇ ಇರಲಿ. ಮೇಲಿನ ರಕ್ತ ಸ್ವಲ್ಪ ಕೆಳಗೆ ಬಂದು ಒಂದು ಚಿಕ್ಕ ಗಂಟಿನಂಥ ಜಾಗದಲ್ಲಿ ನಿಂತುಬಿಡುತ್ತದೆ. ಆ ಗಂಟೇ ಬಾಗಿಲು! ಬಾಗಿಲಿನಿಂದ ಕೆಳಗೆ ನಾಳ ಖಾಲಿಯೇ. ಈಗ ಕೆಳಗಿನ ಬೆರಳನ್ನೂ ತೆಗೆದುಬಿಡಿ. ಬೆರಳುಗಳ ಕಡೆಯಿಂದ ರಕ್ತ ನುಗ್ಗಿ ನಾಳ ಫಕ್ಕನೆ ತುಂಬುತ್ತದೆ. ಮೊದಲ ಸಲ ಸರಿಯಾಗಿ ಕಾಣದಿದ್ದರೆ ಬೇರೆ ನಾಳ ಹುಡುಕಿ. ಕೆಲವು ಅಜ್ಜಂದಿರು ಬೇರೆ ಅಜ್ಜಂದಿರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ.

ಎರಡು ಎಚ್ಚರಿಕೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಾಗಿ ಒತ್ತಿದರೆ ಚರ್ಮ ನೀಲಿಗಟ್ಟುತ್ತದೆ. ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡವರ ಆ ಕೈಯನ್ನು ಮುಟ್ಟಲೇಬೇಡಿ.

ನೋಡಿದಿರಲ್ಲ. ಈ ನೀಲಿ ನಾಳಗಳಲ್ಲಿ ರಕ್ತ ಹೋಗುವುದು ಹೃದಯದ ಕಡೆಗೆ ಮಾತ್ರ. ಹೃದಯದಿಂದ ಹೊರಡುವ ದಾರಿ ಬೇರೆ. ಅವು ಧಮನಿಗಳು, ಒಳಗೆ ಆಳದಲ್ಲಿರುತ್ತವೆ, ಮಣಿಕಟ್ಟಿನಲ್ಲಿ ನಾಡಿಯಾಗಿ ಮಿಡಿಯುತ್ತವೆ.

ಆದರೆ ಹಾರ್ವೆಯ ಪುಸ್ತಕದಲ್ಲಿ ಒಂದು ಎಂಟ್ರಿ ಬಾಕಿ ಉಳಿಯಿತು. ಧಮನಿಯಲ್ಲಿ ಬೆರಳ ತುದಿಗೆ ಹೋದ ರಕ್ತ ಅಭಿಧಮನಿಗೆ ದಾಟುವುದು ಯಾವ ಸೇತುವೆಯ ಮೇಲೆ? ಆತನಿಗೆ ಕಾಣಲಿಲ್ಲ. ಬರಿಗಣ್ಣಿಗೆ ಅದು ಕಾಣುವಂಥದ್ದೂ ಅಲ್ಲ. ಬ್ಯಾಂಕಿನಲ್ಲಿ ದುಡ್ಡು ಬಂದಿದೆ, ಯಾರ ಖಾತೆಗೆ ಎಂದು ತಿಳಿಯದಿದ್ದರೆ ‘ಸಸ್ಪೆನ್ಸ್ ಖಾತೆ’ಗೆ ಹಾಕಿಡುತ್ತೇವೆ. ಹಾರ್ವೆಯ ಈ ಎಂಟ್ರಿ ಸಸ್ಪೆನ್ಸಿನಲ್ಲಿ 33 ವರ್ಷ ಕುಳಿತಿತ್ತು. 1661ರಲ್ಲಿ ಇಟಲಿಯ ಮಾರ್ಸೆಲ್ಲೊ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡಿ ಆ ಸೇತುವೆಗಳನ್ನು ಕಂಡ. ಕೂದಲಿಗಿಂತ ಎಷ್ಟೋ ಸಪೂರವಾದ ನಾಳಗಳು, ಲೋಮನಾಳಗಳು. ಹಾರ್ವೆ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ತಮಾಷೆಯೆಂದರೆ ಮಾಲ್ಪಿಘಿ ಹುಟ್ಟಿದ್ದೇ ಹಾರ್ವೆಯ ಪುಸ್ತಕ ಅಚ್ಚಾದ 1628ರಲ್ಲಿ.

ಈ ಲೋಮನಾಳಗಳು ಎಷ್ಟು ಕಿರಿದೆಂದರೆ ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ, ಮೈ ಬಾಗಿಸಿಕೊಂಡು ಹೋಗಬೇಕು. ನಮ್ಮ ಜನ ಕೌಂಟರಿನ ಮುಂದೆ ಹೀಗೆ ನಿಂತದ್ದನ್ನು ನಾನು ಕಂಡಿಲ್ಲ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗುಳ್ಳೆಗಳಿವೆ, ಪ್ರತಿ ಗುಳ್ಳೆಯ ಸುತ್ತ ಲೋಮನಾಳಗಳ ಬಲೆ. ಅಲ್ಲಿ ಕೆಂಪು ಕಣ ಇಂಗಾಲದ ಡೈ ಆಕ್ಸೈಡ್ ಬಿಡಿಸಿಕೊಟ್ಟು ಆಮ್ಲಜನಕ ಏರಿಸಿಕೊಳ್ಳುವ ಕೆಲಸ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಆಮ್ಲಜನಕ ಎಂಬುದೊಂದಿದೆ ಎಂದೇ ಹಾರ್ವೆಯ ಕಾಲದಲ್ಲಿ ಗೊತ್ತಿರಲಿಲ್ಲ. ರಕ್ತ ಶ್ವಾಸಕೋಶಕ್ಕೆ ಹೋಗಿ ಬರುತ್ತದೆ ಎಂದು ಆತ ಖಂಡಿತವಾಗಿ ಹೇಳಿದ. ಯಾಕೆ ಹೋಗುತ್ತದೆ ಎಂಬುದಕ್ಕೆ ಇನ್ನೂ ನೂರೈವತ್ತು ವರ್ಷ ಕಾಯಬೇಕಾಯಿತು.

ಅಂಥ ಪುಸ್ತಕ ಬಂದಾಗ ಹಾರ್ವೆಗೆ ಹಾರ ಹಾಕಿರಬೇಕು ಅಂತೀರಾ? ಪುಸ್ತಕ ಇದ್ದದ್ದು 72 ಪುಟ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಗಿ, ಮುದ್ರಣದ ತಪ್ಪುಗಳನ್ನು ತುಂಬಿಕೊಂಡು ಬಂತು. ಬಂದ ಮೇಲೆ ಹಾರ್ವೆಯ ಹತ್ತಿರ ಬರುವ ರೋಗಿಗಳು ಕಡಿಮೆಯಾದರು, ಜನ ಆತನಿಗೆ ತಲೆ ಕೆಟ್ಟಿದೆ ಎಂದುಕೊಂಡರು ಎಂದು ಆಬ್ರಿ ಬರೆಯುತ್ತಾನೆ. ಪ್ಯಾರಿಸ್ಸಿನ ಹೆಸರಾಂತ ವೈದ್ಯ ರಿಯೊಲಾನ್ ಕಡೆಯವರೆಗೂ ಒಪ್ಪಲಿಲ್ಲ. ಹಾರ್ವೆ ಅವನಿಗೆ ಉತ್ತರ ಬರೆದದ್ದು 1649ರಲ್ಲಿ, ಇಪ್ಪತ್ತೊಂದು ವರ್ಷ ತಡೆದು! ನಡುವೆ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಎದ್ದಿತ್ತು. ಹಾರ್ವೆ ರಾಜನ ವೈದ್ಯ. 1642ರ ಎಜ್‌ಹಿಲ್ ಯುದ್ಧದ ದಿನ ರಾಜಕುಮಾರರಿಬ್ಬರನ್ನು ನೋಡಿಕೊಳ್ಳುವ ಕೆಲಸ ಆತನದಾಗಿತ್ತು. ಬೇಲಿಯ ಮರೆಯಲ್ಲಿ ಕುಳಿತು ಜೇಬಿನಿಂದ ಪುಸ್ತಕ ತೆಗೆದು ಓದತೊಡಗಿದನಂತೆ, ಹತ್ತಿರದಲ್ಲೇ ಗುಂಡು ಬಿದ್ದಾಗ ಜಾಗ ಬದಲಿಸಿದನಂತೆ. ಲಂಡನ್ನಿನಲ್ಲಿದ್ದ ಆತನ ಕೋಣೆಗೆ ಎದುರು ಪಕ್ಷದವರು ನುಗ್ಗಿ ಕಾಗದಪತ್ರಗಳನ್ನು ದೋಚಿದರು. ಕೀಟಗಳ ಬಗ್ಗೆ ಬಹಳ ವರ್ಷ ಬರೆದಿಟ್ಟಿದ್ದ ಟಿಪ್ಪಣಿಗಳು ಹೋದವು. ಅದೇ ಆತನಿಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತು. ಆದರೂ ಪುಣ್ಯವಂತ. ಸಾಯುವ ಮೊದಲೇ ತನ್ನ ಮಾತನ್ನು ಲೋಕ ಒಪ್ಪಿದ್ದನ್ನು ಕಂಡ.

ಪುಟ್ಟಿ, ಈಗ ನಿನ್ನ ಇಂಜೆಕ್ಷನ್. ಸೊಂಟದ ಸ್ನಾಯುವಿನಲ್ಲಿ ಬಿಟ್ಟ ಔಷಧ ಅಲ್ಲಿನ ಲೋಮನಾಳಗಳಿಗೆ ಇಳಿಯಿತು. ಅಭಿಧಮನಿಯಲ್ಲಿ ಮೇಲೆ ಬಂದು ಹೃದಯದ ಬಲಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಹೃದಯದ ಎಡಕ್ಕೆ, ಅಲ್ಲಿಂದ ಇಡೀ ಮೈಗೆ. ಅದಕ್ಕೆ ತಲೆಯ ದಾರಿ ಯಾರೂ ಹೇಳಿಕೊಡಲಿಲ್ಲ. ಅದು ನಿನ್ನ ಹೆಬ್ಬೆರಳಿಗೂ ಹೋಗಿದೆ, ಕಿವಿಗೂ ಹೋಗಿದೆ, ಎಲ್ಲ ಮನೆಗೂ ಹೋಗುವ ಅಂಚೆಯಣ್ಣನಂತೆ. ತಲೆಯಲ್ಲಿ ಅದಕ್ಕೆ ಕೆಲಸ ಸಿಕ್ಕಿತು, ಅಷ್ಟೆ. ನಿನ್ನ ಪ್ರಶ್ನೆಯನ್ನು ಹಾರ್ವೆಯೂ ಎತ್ತಿಕೊಂಡಿದ್ದ. ಹಾವು ಕಚ್ಚಿದ್ದು ಕಾಲಿಗೆ, ವಿಷ ಏರುವುದು ಮೈಗೆಲ್ಲ. ಮೈಮೇಲೆ ಹಚ್ಚಿದ ಔಷಧ ಕುಡಿದ ಔಷಧದಂತೆ ಒಳಗೆ ಕೆಲಸ ಮಾಡುತ್ತದೆ. ರಕ್ತ ಸುತ್ತುತ್ತದೆ ಎನ್ನುವುದಕ್ಕೆ ಇವೂ ಸಾಕ್ಷಿ ಎಂದ. ಹುಚ್ಚುನಾಯಿ ಕಡಿತವನ್ನೂ ಅದೇ ಪಟ್ಟಿಗೆ ಸೇರಿಸಿದ್ದ, ಅದೊಂದು ಮಾತ್ರ ಸರಿಹೋಗಲಿಲ್ಲ. ರೇಬೀಸ್ ವೈರಸ್ಸು ಮೆದುಳಿಗೆ ಹೋಗುವುದು ರಕ್ತದಲ್ಲಲ್ಲ, ನಿಜವಾದ ನರಗಳ ದಾರಿಯಲ್ಲಿ.

ಲಸಿಕೆಯೂ ಇಂಥದೇ. ತೋಳಿಗೆ ಹಾಕಿದ ಲಸಿಕೆಯನ್ನು ಕಂಕುಳ ಹತ್ತಿರದ ದುಗ್ಧಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ಪರಿಚಯ ಮಾಡಿಕೊಳ್ಳುತ್ತವೆ. ಆ ರೋಗಾಣುವಿನ ಗುರುತು ಹಿಡಿಯುವ ಪ್ರತಿಕಾಯಗಳು ತಯಾರಾಗಿ ರಕ್ತಕ್ಕಿಳಿದು ಊರೆಲ್ಲ ಗಸ್ತು ತಿರುಗುತ್ತವೆ. ಬ್ಲಡ್ ಬ್ಯಾಂಕ್ ನಡೆಯುವುದೂ ಇದೇ ನಂಬಿಕೆಯ ಮೇಲೆ. ತೋಳಿನಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ತೋಳಿನಿಂದ ಮೈಗೆಲ್ಲ ಸುತ್ತುತ್ತದೆ. ಆ ಬ್ಯಾಂಕಿನ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಠೇವಣಿ ಇಟ್ಟವರು ಬಡ್ಡಿ ಕೇಳುವುದಿಲ್ಲ, ಪಾಸ್‌ಬುಕ್ ಎಂಟ್ರಿಗೆ ಗದ್ದಲ ಮಾಡುವುದಿಲ್ಲ! ಆದರೆ ಕೆಂಪು ರಕ್ತದ ಠೇವಣಿ ಬಾಳುವುದು 35 ದಿನ, ಕೆಲವು ದ್ರಾವಣಗಳಲ್ಲಿ 42 ದಿನ, ಅಷ್ಟೆ. ಹಾಗಾಗಿ ಅಲ್ಲಿ ಹೊಸ ಗ್ರಾಹಕರು ಬರುತ್ತಲೇ ಇರಬೇಕು.

ಇನ್ನು ಅಜ್ಜ ಅಜ್ಜಿಯರ ಕಡೆಗೆ. ನಿಮ್ಮ ಕೈಯಲ್ಲಿ ಕಂಡ ಆ ಬಾಗಿಲುಗಳು ಕಾಲಿನಲ್ಲೂ ಇವೆ, ಅಲ್ಲಿ ಅವುಗಳಿಗೆ ಕೆಲಸ ಜಾಸ್ತಿ. ಪಾದದ ರಕ್ತ ಹೃದಯಕ್ಕೆ ಹೋಗಲು ಒಂದು ಮೀಟರಿಗೂ ಹೆಚ್ಚು ಎತ್ತರ ಹತ್ತಬೇಕು. ಲೋಮನಾಳ ದಾಟುವ ಹೊತ್ತಿಗೆ ಹೃದಯದ ನೂಕು ಬಲ ಬಹುಮಟ್ಟಿಗೆ ಖರ್ಚಾಗಿರುತ್ತದೆ. ಮತ್ತೆ ಮೇಲೆ ಹತ್ತಿಸುವವರು ಯಾರು? ಮೀನಖಂಡ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲೆ ಹಾರುತ್ತದೆ, ಬಾಗಿಲು ಮುಚ್ಚಿಕೊಂಡು ಹಿಂದಕ್ಕೆ ಬೀಳದಂತೆ ತಡೆಯುತ್ತದೆ. ಇದನ್ನು ಎರಡನೇ ಹೃದಯ ಎನ್ನುವುದುಂಟು. ಹಾವು ಕಚ್ಚಿದವರು ಓಡಬಾರದು, ಕಾಲನ್ನು ಅಲ್ಲಾಡಿಸದೆ ಇಟ್ಟು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕು ಎನ್ನುವುದೂ ಇದಕ್ಕೇ. ಓಡಿದರೆ ಈ ಪಂಪು ವಿಷವನ್ನೂ ಬೇಗ ಮೇಲಕ್ಕೆ ತಳ್ಳುತ್ತದೆ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ.

ದಿನವಿಡೀ ನಿಂತೇ ಇರುವ ಕಂಡಕ್ಟರು, ಕ್ಷೌರಿಕರು, ಮೇಷ್ಟ್ರು, ಪೊಲೀಸರು, ಇವರಲ್ಲಿ ಕೆಲವರಿಗೆ ವಯಸ್ಸಾದಂತೆ ಬಾಗಿಲುಗಳು ಸಡಿಲವಾಗಿ ಕಾಲಿನ ನಾಳಗಳು ಹಾವಿನಂತೆ ಸುರುಳಿಗಟ್ಟುತ್ತವೆ. ಅದು ಕಾಣುವ ತೊಂದರೆ. ಕಾಣದ ತೊಂದರೆ ಇನ್ನೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಜೊತೆ ಕೆಲಸ ಮಾಡಿದ ಒಬ್ಬರು ನಿವೃತ್ತರಾದ ಮೇಲೆ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟರು. ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣ, ಕಿಟಕಿಯ ಸೀಟು. ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ಕುಳಿತಲ್ಲಿಂದ ಏಳಲೇ ಇಲ್ಲ, ಬಾತ್‌ರೂಮಿಗೆ ಹೋಗಬೇಕಾದೀತೆಂದು ನೀರನ್ನೂ ಕುಡಿಯಲಿಲ್ಲ. ತಲುಪಿದ ಮೂರನೇ ದಿನ ಎಡಗಾಲಿನ ಮೀನಖಂಡ ನೋಯತೊಡಗಿತು. ವಾಯು ಇರಬೇಕೆಂದು ಎಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳಲು ಹೊರಟಿದ್ದರು. ಒಂಬತ್ತು ವರ್ಷದ ಮೊಮ್ಮಗ, ‘ಅಜ್ಜ, ನಿನ್ನ ಒಂದು ಕಾಲು ದಪ್ಪ ಇದೆ’ ಎಂದ. ಸಾಕ್ಸ್ ಬಿಚ್ಚಿದಾಗ ಎಡಗಾಲಿನಲ್ಲಿ ಮಾತ್ರ ಎಲಾಸ್ಟಿಕ್ಕಿನ ಅಚ್ಚು ಆಳವಾಗಿ ಬಿದ್ದಿತ್ತಂತೆ. ಅಳತೆಯ ಟೇಪು ತಂದು ಸುತ್ತಿದರೆ ಎರಡು ಕಾಲಿಗೂ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ. ಮಗಳು ಅದೇ ಸಂಜೆ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನ್ ಮಾಡಿದಾಗ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ‘ತಿಕ್ಕಿಲ್ಲ ತಾನೇ?’ ಎಂಬುದೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆ.

ಯಾಕೆ ಎಂದು ಹಾರ್ವೆಯ ದಾರಿ ಗೊತ್ತಿರುವ ನೀವೇ ಹೇಳಬಲ್ಲಿರಿ. ಕಾಲಿನ ಆ ಹೆಪ್ಪಿನಿಂದ ಒಂದು ಚೂರು ಕಿತ್ತುಕೊಂಡರೆ ಎಲ್ಲಿಗೆ ಹೋಗುತ್ತದೆ? ಅಭಿಧಮನಿಗಳು ಮೇಲೆ ಹೋದಂತೆ ಅಗಲವಾಗುತ್ತವೆ, ದಾರಿಯಲ್ಲಿ ಎಲ್ಲೂ ತಡೆಯಿಲ್ಲ. ಹೃದಯದ ಬಲಭಾಗ ದಾಟಿ ನೇರ ಶ್ವಾಸಕೋಶಕ್ಕೆ. ಅಲ್ಲಿ ನಾಳಗಳು ಮತ್ತೆ ಕಿರಿದಾಗುತ್ತಾ ಹೋಗುತ್ತವೆ, ಚೂರು ಸಿಕ್ಕಿಹಾಕಿಕೊಳ್ಳುತ್ತದೆ. ನೋವಿದ್ದದ್ದು ಕಾಲಿನಲ್ಲಿ, ಉಸಿರು ಕಟ್ಟುವುದು ಎದೆಯಲ್ಲಿ. ಚೂರು ದೊಡ್ಡದಾದರೆ ಜೀವಕ್ಕೇ ಅಪಾಯ. ನನ್ನ ಸ್ನೇಹಿತರಿಗೆ ರಕ್ತ ಹೆಪ್ಪುಗಟ್ಟದ ಔಷಧವನ್ನು ಕೆಲವು ತಿಂಗಳು ಕೊಟ್ಟರು. ಈಗ ಗಟ್ಟಿಮುಟ್ಟಾಗಿದ್ದಾರೆ, ವಾಕಿಂಗಿನಲ್ಲಿ ನನ್ನನ್ನು ಹಿಂದೆ ಹಾಕುತ್ತಾರೆ.

ಎಲ್ಲ ಕಾಲು ಊತವೂ ಇದೇ ಅಲ್ಲ, ಗಾಬರಿ ಬೇಡ. ಎರಡೂ ಕಾಲು ಸಂಜೆಗೆ ಸ್ವಲ್ಪ ಊದುವುದು ನಮ್ಮ ವಯಸ್ಸಿನಲ್ಲಿ ಸಾಮಾನ್ಯ, ಅದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹೇಳಿ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವು, ಬಿಸಿ ಅಥವಾ ಕೆಂಪು ಕಂಡರೆ, ಅದರಲ್ಲೂ ದೂರ ಪ್ರಯಾಣ, ಆಪರೇಷನ್ ಅಥವಾ ಹಾಸಿಗೆ ಹಿಡಿದ ಕಾಯಿಲೆಯ ನಂತರ ಕಂಡರೆ, ಎಣ್ಣೆ ಹಚ್ಚಿ ತಿಕ್ಕಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಉಸಿರಾಟಕ್ಕೆ ತೊಂದರೆಯೋ ಎದೆನೋವೋ ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಆ ಕ್ಷಣವೇ ಹೊರಡಿ.

ರಾತ್ರಿ ಬಸ್ಸಿನಲ್ಲಿ ಬೀದರಿನಿಂದ ಬೆಂಗಳೂರಿಗೆ ಬರುವವರಿಗೂ ಇದೇ ಮಾತು. ಬಸ್ಸು ಊಟಕ್ಕೆ ನಿಂತಾಗ ಇಳಿದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ. ಕುಳಿತಲ್ಲೇ ಪಾದ ಊರಿ ಹಿಮ್ಮಡಿ ಎತ್ತಿ ಇಳಿಸಿ, ಹೊಲಿಗೆ ಯಂತ್ರ ತುಳಿದ ಹಾಗೆ. ಗಂಟೆಗೊಮ್ಮೆ ಇಪ್ಪತ್ತು ಸಲವಾದರೂ ಆಗಲಿ. ನಿಮ್ಮ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿ. ಅವಳು ಹದಿನೆಂಟಕ್ಕೇ ಬಿಡುವುದಿಲ್ಲ.